ಟಿ.ಸಿ. ಇಲ್ಲ ಅಂತ ಮಕ್ಕಳನ್ನು ವಾಪಸ್ ಕಳಿಸಬೇಡಿ

ಮಾನ್ಯ ಸಂಪಾದಕರೇ,

ಪುಣೆಯಲ್ಲಿ ಶಾಲೆಗಳು ಶುರುವಾಗಿವೆ. ಆದರೆ ಹಿಂಜವಡಿ, ವಾಕಡ್ ಕಡೆ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಯಾದಗಿರಿ, ಕಲಬುರಗಿ ಜನರ ಎಷ್ಟೋ ಮಕ್ಕಳು ಇನ್ನೂ ತಗಡಿನ ಶೆಡ್ಡುಗಳಲ್ಲೇ ಇದ್ದಾರೆ.

ನಮ್ಮ ಮನೆ ಹತ್ತಿರದ ಸೈಟಿನಲ್ಲಿ ಶಹಾಪುರ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಊರಲ್ಲಿ ಮೂರನೇ ಕ್ಲಾಸು ಮುಗಿಸಿದ್ದಾಳೆ. ಕನ್ನಡ ಪುಸ್ತಕ ಕೊಟ್ಟರೆ ಬೆರಳಿಟ್ಟು ಸರಸರ ಓದುತ್ತಾಳೆ. ಈಗ ಇಡೀ ದಿನ ತಮ್ಮನನ್ನು ಸೊಂಟದ ಮೇಲೆ ಹೊತ್ತು ಮರಳಿನ ರಾಶಿ ಪಕ್ಕ ಓಡಾಡಿಕೊಂಡಿರುತ್ತಾಳೆ. ಅವಳಪ್ಪ ಕೂಲಿ ಬಿಟ್ಟು ಸರ್ಕಾರಿ ಶಾಲೆಗೆ ಹೋದರೆ, ‘ಮೊದಲು ಟಿ.ಸಿ. ತನ್ನಿ’ ಅಂದರಂತೆ. ಊರಿಗೆ ಹೋಗಿ ಬರಲು ಎರಡು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಹೀಗೆ ಹೇಳುವುದಿಲ್ಲ. ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಅಷ್ಟೇ. 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಇದು ಯಾರೋ ಮಾಡುವ ಉಪಕಾರವಲ್ಲ, ಮಗುವಿನ ಹಕ್ಕು.

ಸೇರಿಸಿಕೊಂಡರೆ ಸಾಲದು. ಮರಾಠಿ ಬಾರದ ಮಗುವನ್ನು ಕೊನೇ ಬೆಂಚಿನಲ್ಲಿ ಸುಮ್ನೆ ಕೂರಿಸಿದರೆ ನಾಲ್ಕು ದಿನದಲ್ಲಿ ಬಿಟ್ಟು ಬರುತ್ತದೆ, ಅಲ್ವಾ? ಮೊದಲ ಕೆಲವು ತಿಂಗಳಾದರೂ ಕನ್ನಡ ಬಲ್ಲವರೊಬ್ಬರು ಜೊತೆಗಿರಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯಲು ಸೌಲಭ್ಯ ಒದಗಿಸಿ ಅಂತ ಸಂವಿಧಾನದ 350ಎ ವಿಧಿಯೇ ರಾಜ್ಯಗಳಿಗೆ ಹೇಳಿದೆ.

ಇಲ್ಲಿನ ಕನ್ನಡ ಸಂಘಗಳಿಗೆ ನನ್ನ ವಿನಂತಿ: ರಾಜ್ಯೋತ್ಸವಕ್ಕೆ ಇನ್ನೂ ಸಮಯವಿದೆ. ಈ ವಾರ ಕಾಯ್ದೆಯ ಪ್ರತಿ ಹಿಡಿದು, ಈ ತಂದೆ-ತಾಯಿಯರ ಜೊತೆ ಶಾಲೆ ತನಕ ಬನ್ನಿ. ನಾನೂ ಬರುತ್ತೇನೆ.

– ನಿವೃತ್ತ ಶಿಕ್ಷಕಿ, ಪುಣೆ