ಕುಂಡದ ಗಿಡದ ಬೇರು ಕೊಳೆಯುತ್ತಿದ್ದರೆ

ಗಿಡ ಬೆಳೆಸುವ ಬಂಧುಗಳೇ, ಧಾರವಾಡದ ಜಿಟಿಜಿಟಿ ಮಳೆಗೆ ಕುಂಡದ ಮಣ್ಣು ಆರುತ್ತಲೇ ಇಲ್ಲ. ಮಣ್ಣು ಹಸಿಯಾಗಿದ್ದೂ ಎಲೆ ಹಳದಿಯಾಗಿ ಜೋತುಬಿದ್ದರೆ ದಯವಿಟ್ಟು ಮತ್ತೆ ನೀರು ಹಾಕಬೇಡಿ. ಗಿಡವನ್ನು ಕಿತ್ತು ಬೇರು ನೋಡಿ. ನಿನ್ನೆ ನನ್ನ ಮನಿ ಪ್ಲಾಂಟಿನ ಬೇರು ಹಿಡಿದರೆ ಕಂದು ಸಿಪ್ಪೆ ಬೆರಳಿಗೇ ಕಳಚಿ ಬಂತು, ಉಳಿದದ್ದು ದಾರದಂಥ ಎಳೆ. ಹೊಟ್ಟೆ ಚುರುಕ್ಕೆಂದಿತು. ಸ್ಪಿರಿಟ್‌ನಿಂದ ಒರೆಸಿದ ಕತ್ತರಿ ಹಿಡಿದು, ಗಟ್ಟಿಯಾದ ಬಿಳಿ ಭಾಗ ಕಾಣುವವರೆಗೂ ಕತ್ತರಿಸಿದೆ.

ಹಳೆಯ ಮಣ್ಣು ಪೂರ್ತಿ ಚೆಲ್ಲಿ. ಎರೆಮಣ್ಣು ಬೇಡ, ನೀರು ಬಿಡುವುದಿಲ್ಲ. ಕೆಮ್ಮಣ್ಣಿಗೆ ದಪ್ಪ ಮರಳು, ತೆಂಗಿನ ನಾರಿನ ಪುಡಿ ಬೆರೆಸಿ, ತಳದಲ್ಲಿ ತೂತಿರುವ ಚಿಕ್ಕ ಕುಂಡದಲ್ಲಿ ನೆಡಿ. ಮನಿ ಪ್ಲಾಂಟಿನ ಬೇರು ಪೂರ್ತಿ ಹೋಗಿದ್ದರೂ ಗೆಣ್ಣಿರುವ ಬಳ್ಳಿಯ ತುಂಡನ್ನು ನೀರಿನಲ್ಲಿಡಿ, ಚಿಗುರುತ್ತದೆ. ಮರಳು ಬೇಕಾದವರು ನಮ್ಮ ಮನೆಗೆ ಬನ್ನಿ.