ಲೀಸಾ ಊಟ ಬಿಟ್ಟ ಕಂತು: ಅಕ್ಕನಿಗೆ ಬರೆದ ಪತ್ರ

ಮಿನ್ನಿಯಾಪೊಲಿಸ್,
ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಪುಟ್ಟಿ ಅಮೆರಿಕದ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’ನ ಒಂದೇ ಕಂತನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾಳೆ, ಬೆಳಗ್ಗೆ ತಿಂಡಿ ಬೇಡ ಅನ್ನುತ್ತಾಳೆ, ರಾತ್ರಿ ಒಂದೇ ಚಪಾತಿಗೆ ಕೈ ತೊಳೆಯುತ್ತಾಳೆ ಅಂದೆ. ಭಾವ ಟಿ.ವಿ.ಯನ್ನೇ ತೆಗೆಸಿಬಿಡುತ್ತೇನೆ ಅನ್ನುತ್ತಿದ್ದಾರೆ ಅಂತಲೂ ಹೇಳಿದೆ. ಫೋನಿನಲ್ಲಿ ಹೇಳಿದರೆ ಅರ್ಧ ತಲೆಯಲ್ಲಿ ಉಳಿಯುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನು, ಭಾವ, ಅಮ್ಮ ಮೂವರೂ ಓದಿ. ಪುಟ್ಟಿಯ ಕೈಗೆ ಸಿಗುವ ಹಾಗೆ ಇಡಬೇಡಿ.

ಮೊದಲು ಆ ಕಂತಿನ ವಿಷಯ. ಅವಳು ನೋಡುತ್ತಿರುವುದು 16ನೇ ಸೀಸನ್ನಿನ ‘ಸ್ಲೀಪಿಂಗ್ ವಿತ್ ದಿ ಎನಿಮಿ’. ಅಮೆರಿಕದ ಫಾಕ್ಸ್ ಚಾನೆಲ್ಲಿನಲ್ಲಿ 2004ರ ನವೆಂಬರಿನಲ್ಲಿ ಬಂದದ್ದು. ಎಂಟು ವರ್ಷದ ಲೀಸಾಳನ್ನು ಶಾಲೆಯ ಅವಳಿ ಹುಡುಗಿಯರು ಶೆರಿ, ಟೆರಿ ಹಿಂಭಾಗ ದಪ್ಪ ಅಂತ ಆಡಿಕೊಳ್ಳುತ್ತಾರೆ. ಅಲ್ಲಿಂದ ಅವಳು ಊಟ ಬಿಡಲು ಶುರುಮಾಡುತ್ತಾಳೆ, ಕೊನೆಗೆ ತಡೆಯಲಾರದೆ ಕೇಕಿಗೆ ಬಾಯಿ ಹಾಕುತ್ತಾಳೆ. ಆದರೆ ಕಂತಿನ ಮುಖ್ಯ ಕಥೆ ಲೀಸಾಳದಲ್ಲ. ಅವಳ ತಾಯಿ ಮಾರ್ಜ್, ಅಪ್ಪ ಬಿಟ್ಟುಹೋದ ಪುಂಡ ಹುಡುಗ ನೆಲ್ಸನ್‌ನನ್ನು ಮನೆಗೆ ಕರೆತಂದು ಅಕ್ಕರೆ ಮಾಡುವುದೇ ಮುಖ್ಯ ಕಥೆ. ಬೇರೆ ಮನೆಯ ಮಗುವನ್ನು ತಾಯಿ ನೋಡಿಕೊಳ್ಳುತ್ತಿರುವಾಗಲೇ ಅದೇ ಮನೆಯಲ್ಲಿ ಮಗಳು ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದಾಳೆ. ನನಗೆ ಈ ಕಂತಿನಲ್ಲಿ ಅತ್ಯಂತ ನಿಜ ಅನ್ನಿಸುವುದು ಇದೇ. ಊಟ ಬಿಡುವ ಈ ಕಾಯಿಲೆ, ಡಾಕ್ಟರುಗಳು ಈಟಿಂಗ್ ಡಿಸಾರ್ಡರ್ ಅನ್ನುವುದು, ಎಷ್ಟೋ ಸಲ ಶುರುವಾಗುವುದು ಹೀಗೆಯೇ, ಮನೆಯವರ ಗಮನ ಬೇರೆಲ್ಲೋ ಇದ್ದಾಗ, ಚೆನ್ನಾಗಿ ಓದುವ, ಯಾರಿಗೂ ತೊಂದರೆ ಕೊಡದ ಮಗುವಿನಲ್ಲಿ.

ಇನ್ನೊಂದು ಒಳ್ಳೆಯ ಗುಣ, ಕಂತು ಮುಗಿದಾಗ ಲೀಸಾಳ ಚಿಂತೆ ಮುಗಿದಿರುವುದಿಲ್ಲ. ಇಪ್ಪತ್ತೆರಡು ನಿಮಿಷದ ಕಾರ್ಟೂನಿನಲ್ಲಿ ಎಲ್ಲವೂ ಕೊನೆಗೆ ಸರಿಹೋಗಬೇಕು, ಅದು ವಾಡಿಕೆ. ಇಲ್ಲಿ ಹಾಗೆ ಮಾಡಲಿಲ್ಲ. ಲೀಸಾಗೆ ದನಿ ಕೊಡುವ ಯಾರ್ಡ್ಲಿ ಸ್ಮಿತ್ ಕೂಡ ಬುಲಿಮಿಯಾದಿಂದ, ಅಂದರೆ ಮಿತಿಮೀರಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಕಾಯಿಲೆಯಿಂದ, ವರ್ಷಗಟ್ಟಲೆ ನರಳಿದವರು. ಅದೇ 2004ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ‘ಮೋರ್’ ಅನ್ನುವ ತಮ್ಮ ಏಕವ್ಯಕ್ತಿ ಪ್ರದರ್ಶನದಲ್ಲಿ ಆ ವಿಷಯವನ್ನು ಮುಚ್ಚಿಡದೆ ಹೇಳಿಕೊಂಡರು. ಇದನ್ನು ಪುಟ್ಟಿಗೆ ಖಂಡಿತ ಹೇಳು. ಒಬ್ಬ ದೊಡ್ಡವಳಿಗೂ ಇದು ಬಂದಿತ್ತು, ಅವಳು ನಾಚಿಕೆಯಿಲ್ಲದೆ ಹೇಳಿದಳು ಅಂತ ಗೊತ್ತಾದರೆ ಅವಳಿಗೂ ಬಾಯಿ ಬಿಡಲು ಧೈರ್ಯ ಬರುತ್ತದೆ.

ಕಂತಿನಲ್ಲಿ ಇಲ್ಲದ್ದೂ ಇದೆ. ಅದೇ ಧಾರಾವಾಹಿಯ 1995ರ ‘ಕಿಂಗ್-ಸೈಜ್ ಹೋಮರ್’ ಕಂತಿನಲ್ಲಿ ಅಪ್ಪ ಹೋಮರ್, ಮನೆಯಿಂದಲೇ ಕೆಲಸ ಮಾಡುವ ಆಸೆಗೆ, 239 ಪೌಂಡಿನಿಂದ 300 ಪೌಂಡಿಗೆ, ಅಂದರೆ ಸುಮಾರು 108 ಕೆಜಿಯಿಂದ 136 ಕೆಜಿಗೆ ಬೇಕೆಂದೇ ದಪ್ಪಗಾಗುತ್ತಾನೆ. ಅದು ಮೊದಲಿಂದ ಕೊನೆಯವರೆಗೂ ನಗುವಿನ ವಸ್ತು. ಅಪ್ಪನ ಹೊಟ್ಟೆ ನೋಡಿ ನಗುವ ಮನೆಯಲ್ಲಿ ಮಗಳು ತನ್ನ ಮೈಯನ್ನೂ ಅದೇ ಕಣ್ಣಿನಿಂದ ನೋಡಿಕೊಳ್ಳುತ್ತಾಳೆ. ಧಾರಾವಾಹಿ ಈ ಎರಡನ್ನೂ ಜೋಡಿಸಿ ನೋಡುವುದಿಲ್ಲ. ನಾವು ಜೋಡಿಸಬೇಕು. ನಮ್ಮ ಕಡೆ ಮದುವೆಮನೆ ಬಾಗಿಲಲ್ಲೇ ‘ಏನೇ, ಊದಿಕೊಂಡಿದ್ದೀಯಲ್ಲ’ ಅಂತ ಮಾತಾಡಿಸುತ್ತಾರಲ್ಲ, ಅದೂ ಇದೇ.

ಹಾಗೆಯೇ ಕೇಕ್ ತಿನ್ನುವುದು ಲೀಸಾಳ ಮನಸ್ಸಿನ ದೌರ್ಬಲ್ಯ ಅಂತ ನೋಡುವವರಿಗೆ ಅನ್ನಿಸುತ್ತದೆ. ಅದು ತಪ್ಪು. 1944-45ರಲ್ಲಿ ಇದೇ ಊರಿನ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಅನ್ನುವವರು ಹಸಿವಿನ ಮೇಲೆ ಒಂದು ಪ್ರಯೋಗ ಮಾಡಿದರು. ಆರೋಗ್ಯವಾಗಿದ್ದ 36 ಯುವಕರು ತಾವಾಗಿಯೇ ಮುಂದೆ ಬಂದರು. ಆರು ತಿಂಗಳು ದಿನಕ್ಕೆ ಎರಡೇ ಊಟ, ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮ್ಯಾಕರೋನಿ. ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಅವರಲ್ಲಿ ಯಾರಿಗೂ ಸಣ್ಣಗಾಗುವ ಆಸೆ ಇರಲಿಲ್ಲ. ಆದರೂ ಅಡುಗೆ ಪುಸ್ತಕ ಕೂಡಿಹಾಕಲು ಶುರುಮಾಡಿದರು, ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು, ಸಿಡುಕರಾದರು, ಗೆಳೆಯರಿಂದ ದೂರವಾದರು. ಮತ್ತೆ ಊಟ ಕೊಟ್ಟಾಗ ಎಷ್ಟು ತಿಂದರೂ ಹೊಟ್ಟೆ ತುಂಬಿದ ಹಾಗಾಗುತ್ತಿರಲಿಲ್ಲ. ಪುಟ್ಟಿ ರಾತ್ರಿ ಹೊತ್ತು ಅಡುಗೆ ವಿಡಿಯೋ ನೋಡುತ್ತಾಳೆ, ಬೇರೆಯವರಿಗೆಲ್ಲ ಬಡಿಸುತ್ತಾಳೆ, ತಾನು ಮಾತ್ರ ತಿನ್ನುವುದಿಲ್ಲ ಅಂದೆಯಲ್ಲ, ಅದು ಹಟ ಅಲ್ಲ ಅಕ್ಕ, ಹಸಿದ ಮಿದುಳಿನ ಲಕ್ಷಣ. ಬೈದರೆ ಹೋಗುವುದಿಲ್ಲ. ಅನ್ನ ಒಳಗೆ ಹೋದ ಮೇಲೆಯೇ ಹೋಗುವುದು.

ಭಾವನ ಮಾತಿನಲ್ಲೂ ಹುರುಳಿದೆ. ಫಿಜಿ ದ್ವೀಪದ ನದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಬಂದ ಹೊಸತರಲ್ಲಿ ಶಾಲಾ ಹುಡುಗಿಯರಲ್ಲಿ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದವರು ಒಬ್ಬರೂ ಇರಲಿಲ್ಲ. 1998ರ ಹೊತ್ತಿಗೆ ಶೇ. 11ರಷ್ಟು ಹುಡುಗಿಯರು ಹಾಗೆ ಹೇಳಿದರು. ಆದರೂ ಟಿ.ವಿ. ತೆಗೆಸಿದರೆ ಏನೂ ಆಗುವುದಿಲ್ಲ, ಕೈಯಲ್ಲಿ ಮೊಬೈಲ್ ಇದೆ. ತೆಗೆಯಬೇಕಾದದ್ದು ಅದರಲ್ಲಿರುವ ಕ್ಯಾಲೊರಿ ಲೆಕ್ಕದ ಆ್ಯಪ್, ಮತ್ತೆ ನಿಮ್ಮ ರೂಮಿನ ತೂಕದ ಯಂತ್ರ. ಯಂತ್ರವನ್ನು ಇವತ್ತೇ ಮನೆಯಿಂದ ಆಚೆ ಕಳಿಸು. ತೂಕ ವಾರಕ್ಕೊಮ್ಮೆ ಡಾಕ್ಟರ ಹತ್ತಿರವೇ ಆಗಲಿ.

ಈಗ ಕೆಲಸದ ಮಾತು. ಇದು ಬರೀ ವಯಸ್ಸಿನ ಚಪಲವೋ ಕಾಯಿಲೆಯೋ ಅಂತ ಅಳೆಯಲು ಡಾಕ್ಟರುಗಳು ಬಳಸುವ ಐದು ಪ್ರಶ್ನೆಗಳಿವೆ. ಹೊಟ್ಟೆ ಭಾರವಾಯಿತು ಅಂತ ತಾನೇ ವಾಂತಿ ಮಾಡಿಕೊಳ್ಳುತ್ತಾಳಾ? ತಿನ್ನುವುದು ಕೈಮೀರಿ ಹೋಗುತ್ತಿದೆ ಅನ್ನಿಸುತ್ತಾ? ಮೂರು ತಿಂಗಳಲ್ಲಿ ಆರು ಕೆಜಿಗಿಂತ ಹೆಚ್ಚು ಇಳಿದಿದ್ದಾಳಾ? ಬೇರೆಯವರು ಸಣ್ಣಗಿದ್ದೀಯ ಅಂದರೂ ತಾನು ದಪ್ಪ ಅಂತಲೇ ನಂಬಿದ್ದಾಳಾ? ಊಟದ ಯೋಚನೆಯೇ ದಿನವನ್ನೆಲ್ಲ ಆಳುತ್ತಿದೆಯಾ? ಎರಡಕ್ಕೆ ಹೌದು ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಆದರೆ ಬೆಳೆಯುವ ಮಕ್ಕಳಲ್ಲಿ ಮೂರನೆಯ ಪ್ರಶ್ನೆ ಮೋಸ ಮಾಡುತ್ತದೆ. ಹದಿನಾಲ್ಕರ ಹುಡುಗಿ ಎತ್ತರ ಬೆಳೆದು ತೂಕ ಅಲ್ಲೇ ನಿಂತಿದ್ದರೆ ಅದೂ ಇಳಿದ ಹಾಗೆಯೇ. ಶಾಲೆಯ ಹೆಲ್ತ್ ಕಾರ್ಡಿನಲ್ಲಿ ಹೋದ ವರ್ಷದ ಎತ್ತರ, ತೂಕ ಬರೆದಿರುತ್ತಾರೆ, ಅದನ್ನು ತೆಗೆದುಕೊಂಡು ಹೋಗು. ನೋಡಲು ಗುಂಡುಗುಂಡಾಗಿರುವ ಮಗು ಬೇಗ ಇಳಿದರೂ ಅಷ್ಟೇ ಅಪಾಯ.

ಡಾಕ್ಟರ ಹತ್ತಿರ ಹೋದಾಗ ಮಲಗಿಸಿ ಒಮ್ಮೆ, ಎದ್ದು ನಿಂತ ಎರಡು ಮೂರು ನಿಮಿಷಕ್ಕೆ ಇನ್ನೊಮ್ಮೆ ನಾಡಿ, ಬಿ.ಪಿ. ನೋಡಿ ಅಂತ ನೀನೇ ಕೇಳು. ಇ.ಸಿ.ಜಿ., ಸೋಡಿಯಂ, ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಶಿಯಂ, ಸಕ್ಕರೆ, ಥೈರಾಯ್ಡ್ ಇಷ್ಟು ಬೇಕು. ಫಾಸ್ಫೇಟ್ ಮಾಮೂಲಿ ಪ್ಯಾಕೇಜಿನಲ್ಲಿ ಇರುವುದಿಲ್ಲ, ಬರೆಸಿಕೊಳ್ಳಬೇಕು. ರಿಪೋರ್ಟ್ ನಾರ್ಮಲ್ ಬಂತು, ಏನೂ ಇಲ್ಲ ಅಂತ ಟಾನಿಕ್ ಕೊಟ್ಟು ಕಳಿಸಿದರೆ ಸುಮ್ಮನಾಗಬೇಡ. ಈ ಕಾಯಿಲೆಯಲ್ಲಿ ರಕ್ತ ಬಹಳ ದಿನ ನಾರ್ಮಲ್ಲಾಗಿಯೇ ಇರುತ್ತದೆ. ಎಚ್ಚರವಾಗಿದ್ದಾಗ ನಾಡಿ 50ಕ್ಕಿಂತ ಕೆಳಗೆ ಇದ್ದರೆ, ಎದ್ದು ನಿಂತಾಗ ಮೇಲಿನ ಬಿ.ಪಿ. 20ಕ್ಕಿಂತ ಹೆಚ್ಚು ಇಳಿದರೆ, ತಲೆ ಸುತ್ತಿ ಬಿದ್ದರೆ, ಕೈಕಾಲು ತಣ್ಣಗಾಗಿ ನೀಲಿಗಟ್ಟಿದರೆ, ಬದುಕಿರುವುದು ಬೇಡ ಅನ್ನುವ ಮಾತು ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬೇಡ, ಅವತ್ತೇ ಆಸ್ಪತ್ರೆ. ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದನ್ನೂ ಹೇಳು, ಪುಟ್ಟಿ ತಾನಾಗಿ ಹೇಳುವುದಿಲ್ಲ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದೆ ಇದ್ದಿದ್ದರೆ ಒಮ್ಮೆಗೇ ತುಂಬಾ ತಿನ್ನಿಸಲೂಬಾರದು. ಹಸಿದ ದೇಹಕ್ಕೆ ಅನ್ನ ಹೋದೊಡನೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಶಿಯಂ ಜೀವಕೋಶಗಳೊಳಗೆ ಸೇರಿಕೊಂಡು ಹೃದಯದ ಬಡಿತ ತಪ್ಪಬಹುದು. ಅಂಥವರಿಗೆ ಮೊದಲ ವಾರ, ಹತ್ತು ದಿನ ಆಸ್ಪತ್ರೆಯಲ್ಲೇ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ರಕ್ತ ನೋಡುತ್ತ ಊಟ ಏರಿಸುತ್ತಾರೆ. ಪುಟ್ಟಿ ದಿನವೂ ಸ್ವಲ್ಪ ತಿನ್ನುತ್ತಿದ್ದಾಳೆ, ಹಾಗಾಗಿ ಆ ಮಟ್ಟಕ್ಕೆ ಹೋಗಿಲ್ಲ ಅಂತ ನನ್ನ ಅಂದಾಜು. ಆದರೂ ಪರೀಕ್ಷೆ ಆಗಲಿ.

ಮನೆಯಲ್ಲಿ ಮಾಡಬೇಕಾದದ್ದು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪಿಸಿದ ಒಂದು ಕ್ರಮವಿದೆ, ಮಕ್ಕಳಿಗೆ ಇವತ್ತಿಗೂ ಮೊದಲು ಅದನ್ನೇ ಹೇಳುವುದು. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಅನ್ನುವುದು ಪೂರಾ ಅಪ್ಪ ಅಮ್ಮನ ಕೈಯಲ್ಲಿ. ತೂಕ ಬಂದ ಮೇಲೆ ನಿಧಾನವಾಗಿ ಅವಳ ಕೈಗೆ. ಆಮೇಲೆ ವಯಸ್ಸಿನ ಬೇರೆ ತೊಳಲಾಟಗಳ ಮಾತು. ಎಲ್ಲ ಸೇರಿ ಆರು ತಿಂಗಳಿಂದ ಒಂದು ವರ್ಷ.

ದಿನಕ್ಕೆ ಮೂರು ಊಟ, ಮೂರು ಸಣ್ಣ ತಿಂಡಿ, ಮಧ್ಯೆ ಮೂರೂವರೆ ಗಂಟೆಗಿಂತ ಹೆಚ್ಚು ಖಾಲಿ ಬೇಡ. ಏಳೂವರೆಗೆ ತಿಂಡಿ, ಹತ್ತೂವರೆಗೆ ಶಾಲೆಯ ಡಬ್ಬಿ, ಒಂದಕ್ಕೆ ಊಟ, ನಾಲ್ಕೂವರೆಗೆ ಹಾಲು ಮತ್ತು ಏನಾದರೊಂದು, ಎಂಟಕ್ಕೆ ಊಟ, ಮಲಗುವ ಮುಂಚೆ ಮತ್ತೆ ಹಾಲು. ಕೆನೆ ತೆಗೆಯದ ಹಾಲು. ತಟ್ಟೆ ನೀನು ಬಡಿಸಬೇಕು, ಅವಳಲ್ಲ. ಎರಡು ಅಕ್ಕಿ ರೊಟ್ಟಿ, ಚಟ್ನಿ, ಬೆಣ್ಣೆ. ಅನ್ನ, ಹುಳಿ, ಪಲ್ಯ, ಮೇಲೆ ಒಂದು ದೊಡ್ಡ ಚಮಚ ತುಪ್ಪ, ಕೊನೆಗೆ ಮೊಸರನ್ನ. ಇದೇನೂ ಹೆಚ್ಚಲ್ಲ, ಈ ವಯಸ್ಸಿನ ಹುಡುಗಿಗೆ ದಿನಕ್ಕೆ 2400 ಕ್ಯಾಲೊರಿ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಲೆಕ್ಕವೇ ಹೇಳುತ್ತದೆ. ಈ ಸಂಖ್ಯೆ ನಿನಗೆ, ಅವಳ ಮುಂದೆ ಯಾವ ಸಂಖ್ಯೆಯೂ ಬೇಡ. ಊಟಕ್ಕೆ ಮುಂಚೆ ಎರಡು ಲೋಟ ನೀರು, ಮಜ್ಜಿಗೆ ಕುಡಿದು ಹೊಟ್ಟೆ ತುಂಬಿಸಿಕೊಳ್ಳುವುದನ್ನು ತಡೆ. ಬಾತ್‌ರೂಮಿಗೆ ಊಟಕ್ಕೆ ಮೊದಲೇ ಹೋಗಿಬರಲಿ, ಉಂಡ ಮೇಲೆ ಒಂದು ಗಂಟೆ ನಿಮ್ಮ ಜೊತೆಯಲ್ಲೇ ಚೌಕಾಬಾರವೋ ಟಿ.ವಿ.ಯೋ.

ಊಟಕ್ಕೆ ಅರ್ಧ ಗಂಟೆ ಸಾಕು. ಅವಳು ಅಳುತ್ತಾಳೆ, ತಟ್ಟೆ ತಳ್ಳುತ್ತಾಳೆ, ನಿನ್ನನ್ನು ದ್ವೇಷಿಸುತ್ತೇನೆ ಅಂತಲೂ ಅನ್ನಬಹುದು. ವಾದ ಬೇಡ, ಲಂಚ ಬೇಡ. ‘ಕಷ್ಟ ಅಂತ ಗೊತ್ತು ಕಂದ, ಈ ತುತ್ತು ತಗೋ’ ಇಷ್ಟೇ, ಮತ್ತೆ ಮತ್ತೆ, ಅದೇ ದನಿಯಲ್ಲಿ. ಉಳಿಸಿದರೆ ಅಷ್ಟಕ್ಕೆ ಸಮನಾಗಿ ಬಾದಾಮಿ ಹಾಲೋ ಬಾಳೆಹಣ್ಣಿನ ಮಿಲ್ಕ್‌ಶೇಕೋ ಕೊಡು. ಮೊದಲ ಎರಡು ಮೂರು ವಾರ ಹೊಟ್ಟೆ ಉಬ್ಬರ, ಮಲಬದ್ಧತೆ ಇದ್ದೇ ಇರುತ್ತದೆ, ಹಸಿವಿನಿಂದ ಹೊಟ್ಟೆಯ ಚಲನೆಯೇ ನಿಧಾನವಾಗಿರುತ್ತದೆ. ಅದಕ್ಕೆ ಊಟ ಕಡಿಮೆ ಮಾಡಬೇಡ, ಭೇದಿಯಾಗುವ ಮಾತ್ರೆ ಕೊಡಲೇಬೇಡ. ಬಿಸಿನೀರಿನ ಚೀಲ ಇಡು.

ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ದೊಡ್ಡವರು ಬೇರೆ ಬೇರೆ ಮಾತಾಡಿದಾಗ. ನೀನು ಎರಡು ರೊಟ್ಟಿ ಅಂತೀಯ, ಭಾವ ಹೋಗಲಿ ಬಿಡು ಒಂದು ಸಾಕು ಅನ್ನುತ್ತಾರೆ, ಅಲ್ಲಿಗೆ ಆ ಊಟ ಮುಗಿಯಿತು. ತಟ್ಟೆಯ ಮುಂದೆ ಇಬ್ಬರದೂ ಒಂದೇ ಮಾತಿರಲಿ, ಭಿನ್ನಾಭಿಪ್ರಾಯ ಅಡುಗೆಮನೆಯ ಬಾಗಿಲು ಹಾಕಿಕೊಂಡು. ಅಮ್ಮನಿಗೆ ನನ್ನ ಕೋರಿಕೆ: ಶನಿವಾರದ ಒಪ್ಪೊತ್ತು, ಏಕಾದಶಿ ಯಾವುದಕ್ಕೂ ಪುಟ್ಟಿಯನ್ನು ಸೇರಿಸಬೇಡ. ಉಪವಾಸದ ನೆಪ ಈ ಕಾಯಿಲೆಗೆ ಒಳ್ಳೆಯ ಮರೆ. ಮತ್ತೆ ಅವಳು ಚೇತರಿಸಿಕೊಂಡಾಗ ‘ಮುಖ ತುಂಬಿಕೊಂಡು ಲಕ್ಷಣವಾಗಿದ್ದೀಯ’ ಅಂತ ಪ್ರೀತಿಯಿಂದಲೂ ಅನ್ನಬೇಡಿ. ಅವಳ ಕಿವಿಗೆ ಅದು ದಪ್ಪಗಾದೆ ಅಂತಲೇ ಬೀಳುತ್ತದೆ. ಕಳೆದುಕೊಂಡಿದ್ದ ನಗು, ಓದು, ಗೆಳತಿಯರ ಮಾತು ವಾಪಸ್ ಬಂದದ್ದನ್ನು ಹೇಳಿ.

ಶಾಲೆಯ ಡಬ್ಬಿ ಖಾಲಿಯಾಗಿ ಬರುತ್ತದೆ ಅಂದರೆ ತಿಂದಿದ್ದಾಳೆ ಅಂತಲ್ಲ. ಕ್ಲಾಸ್ ಟೀಚರಿಗೆ ಹೇಳಿ ಒಂದು ತಿಂಗಳು ಸ್ಟಾಫ್‌ರೂಮಿನಲ್ಲಿ ಅವರ ಎದುರೇ ತಿನ್ನುವ ವ್ಯವಸ್ಥೆ ಮಾಡು. ಆಟದ ಪಿರಿಯಡ್ಡು, ಡ್ಯಾನ್ಸ್ ಕ್ಲಾಸು ಡಾಕ್ಟರು ಸರಿ ಅನ್ನುವವರೆಗೆ ಬೇಡ.

ಆ ಕಂತನ್ನು ಅವಳ ಜೊತೆ ಒಮ್ಮೆ ನೀನೂ ನೋಡು. ಅವಳಿಗಳು ಆಡಿಕೊಳ್ಳುವಲ್ಲಿ ನಿಲ್ಲಿಸಿ, ‘ನಿನಗೂ ಯಾರಾದರೂ ಹೀಗೆ ಅಂದರಾ?’ ಅಂತ ಕೇಳು. ಉತ್ತರ ಬರದಿದ್ದರೆ ಒತ್ತಾಯ ಬೇಡ, ಮುಂದಕ್ಕೆ ಓಡಿಸು. ಕೇಕಿನ ಹತ್ತಿರ ನಿಲ್ಲಿಸಿ, ಹಸಿದ ಮಗು ತಿಂದೇ ತಿನ್ನುತ್ತದೆ, ಅದರಲ್ಲಿ ತಪ್ಪೇನಿಲ್ಲ ಅಂತ ಮಾತ್ರ ಹೇಳು. ಯಾರಾದರೂ ಏನಾದರೂ ಅಂದಿದ್ದಾರೆ ಅಂತ ಗೊತ್ತಾದರೆ ಶಾಲೆಯಲ್ಲಿ ಮಾತಾಡುವುದು ನಿಮ್ಮ ಕೆಲಸ, ಅವಳದಲ್ಲ.

ಊರಿನ ಡಾಕ್ಟರು ಕೈಚೆಲ್ಲಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಅಲ್ಲಿಗೆ ಹೋಗಿ. ಅದಕ್ಕೂ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ದುಡ್ಡಿಲ್ಲ.

ರಕ್ತದ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕು, ಇಲ್ಲಿ ಮಧ್ಯರಾತ್ರಿಯಾದರೂ ಸರಿ. ಭಾವನಿಗೆ, ಅಮ್ಮನಿಗೆ ನಮಸ್ಕಾರ ಹೇಳು. ಪುಟ್ಟಿಗೆ ಚಿಕ್ಕಮ್ಮ ಶನಿವಾರ ವಿಡಿಯೋ ಕಾಲ್ ಮಾಡುತ್ತಾಳೆ, ಊಟದ ವಿಷಯ ಎತ್ತುವುದಿಲ್ಲವಂತೆ ಅಂತ ಹೇಳಿಡು.

ನಿನ್ನ ಪ್ರೀತಿಯ ತಂಗಿ