ಬಲಗಡೆಯ ಸಿಲ್ಲನ್ನೂ ಚುಚ್ಚಿ ನೋಡು

ಚಿರಂಜೀವಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನೀನೇ ರಿಪೇರಿ ಮಾಡಲು ಹೊರಟಿರುವ ಆ ಹಳೇ ಕಾರು ಯಾವುದು, ಯಾಕೆ ತೆಗೆದುಕೊಂಡೆ, ಮನೆಯಲ್ಲಿ ಯಾರು ಏನಂದರು, ಅದೆಲ್ಲ ನಮಗೆ ಗೊತ್ತಿರುವುದೇ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. "ಎಡಗಡೆ ಬಾಗಿಲ ಕೆಳಗಿನ ಸಿಲ್‌ಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯ್ತು ಮಾವ. ಬಲಗಡೆ ಚುಚ್ಚಿ ನೋಡಕ್ಕೇ ಭಯ. ಮೇಲೆ ಪುಟ್ಟಿ ಹಾಕಿ ಬಣ್ಣ ಹೊಡೆದುಬಿಡಲಾ?"

ತುಕ್ಕಿನ ಸುದ್ದಿಗೆ ನಾನು ಹೆದರಲಿಲ್ಲ ಕಣೋ. ಅಷ್ಟು ಹಳೇ ಕಾರಲ್ಲಿ ತುಕ್ಕು ಇರದೆ ಇನ್ನೇನಿರುತ್ತೆ? ನೋಡಕ್ಕೇ ಭಯ ಅಂದೆಯಲ್ಲ, ಅದಕ್ಕೆ ಹೆದರಿದೆ.

ಸಿಲ್ ಬರೀ ಅಂದಕ್ಕೆ ಇರುವ ಪಟ್ಟಿ ಅಲ್ಲ. ಅಡಿಯಲ್ಲಿ ಭಾರ ಹೊರುವ ಚೌಕಟ್ಟು, ಅಂದರೆ ಬೇರೆ ಚಾಸಿ, ಇಲ್ಲದ ಕಾರಿನಲ್ಲಿ ಬಾಡಿಯ ಭಾರ ಹೊರುವುದರಲ್ಲಿ ಅದರದ್ದು ದೊಡ್ಡ ಪಾಲು. ಒಳಗೆ ಟೊಳ್ಳು. ಚಕ್ರ ಎರಚಿದ ಕೆಸರು ಸಂದಿಯಿಂದ ಹೋಗಿ ಕೂರುತ್ತೆ, ನೀರು ಇಳಿಯುವ ತೂತು ಕಟ್ಟಿಕೊಳ್ಳುತ್ತೆ, ತೇವ ಆರುವುದೇ ಇಲ್ಲ. ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿಂದ ತಗಡು ಸವೆದು ಹೋಗಿರುತ್ತೆ. ಎರಡು ತಗಡು ಸೇರುವ ಕಡೆ ಇನ್ನೂ ಕೆಟ್ಟದ್ದು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಬೆಳೆದಂತೆ, ತಗಡುಗಳನ್ನು ಚುಕ್ಕಿಚುಕ್ಕಿಯಾಗಿ ಬೆಸೆದಿರುವ ಸ್ಪಾಟ್ ವೆಲ್ಡ್‌ಗಳ ನಡುವೆ ತಗಡು ಉಬ್ಬಿ ಬಾಯಿ ಬಿಡುತ್ತೆ. ಅಂಥದ್ದರ ಮೇಲೆ ಪುಟ್ಟಿ ಬಳಿದರೆ ಪುಟ್ಟಿಯೂ ತೇವ ಹೀರುತ್ತೆ, ಕೆಳಗಿನ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತೆ. ಬಣ್ಣ ಫಳಫಳ ಅನ್ನುತ್ತೆ. ಯಾವನೋ ಪಕ್ಕದಿಂದ ಗುದ್ದಿದ ದಿನ ಒಳಗೆ ಕೂತಿರುವವನು ನೀನು.

ನಿಮ್ಮ ತಾತನ ಕಾರು ಗುಜರಿಗೆ ಹೋದದ್ದು ನಿನಗೆ ಗೊತ್ತು. ಹೇಗೆ ಹೋಯಿತು ಅಂತ ಯಾರೂ ಹೇಳಿರಲಿಕ್ಕಿಲ್ಲ. ಮಡ್‌ಗಾರ್ಡ್ ಅಂಚು ಉಬ್ಬಿತ್ತು, ಡ್ರೈವರ್ ಕಾಲಿನ ಕೆಳಗೆ ನೆಲದಲ್ಲಿ ತೂತು ಬಿದ್ದಿತ್ತು. ಕೆಳಗೆ ಮಲಗಿ ನೋಡಿದವರು ಒಬ್ಬರೂ ಇಲ್ಲ. ನೋಡಿದರೆ ಇನ್ನೇನು ಕಾಣುತ್ತೋ ಅಂತ. ನಿನ್ನದೇ ಭಯ. ಎಲ್ಲಾ ಹೋಗಿದೆ ಅಂತ ತೀರ್ಮಾನ ಆಯಿತು. ಗುಜರಿಯಲ್ಲಿ ಬಿಚ್ಚುವಾಗ ನಾನು ಅಲ್ಲೇ ನಿಂತಿದ್ದೆ. ನೆಲದ ತಗಡು ಕಿತ್ತರೆ ಕೆಳಗೆ ಭಾರ ಹೊರುವ ಮೆಂಬರ್‌ಗಳು ಗಟ್ಟಿಯಾಗಿದ್ದವು. ವರ್ಷಗಟ್ಟಲೆ ಸೋರಿದ ಎಂಜಿನ್ ಆಯಿಲ್ ದಪ್ಪಗೆ ಮೆತ್ತಿಕೊಂಡಿತ್ತು, ತುಕ್ಕು ಹತ್ತಿರ ಸುಳಿದಿರಲಿಲ್ಲ. ಉಗುರಲ್ಲಿ ಕೆರೆದರೆ ಕೆಳಗೆ ಮೊದಲಿನ ಬಣ್ಣವೇ ಸಿಕ್ಕಿತು. ನೆಲಕ್ಕೆ ಹೊಸ ತಗಡು ಕೂರಿಸಿದ್ದರೆ ಸಾಕಿತ್ತು. ಹುಡುಗನ ಮಾತು ಯಾರು ಕೇಳುತ್ತಿದ್ದರು? ಅಪ್ಪ ಕೇಳಿದರೆ ಹೇಳೋಣ ಅಂತಿದ್ದೆ. ಅವರು ಆ ಕಾರಿನ ಮಾತೇ ಎತ್ತಲಿಲ್ಲ. ಈಗಲೂ ಒಮ್ಮೊಮ್ಮೆ ಕೊರೆಯುತ್ತೆ.

ಹಾಗಾಗಿ ಬಲಗಡೆಯೂ ಚುಚ್ಚು. ಮೊದಲು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗು. ಗಟ್ಟಿ ತಗಡು ಟಣ್ ಅನ್ನುತ್ತೆ. ಕೆಟ್ಟದ್ದು ದಬ್ ಅನ್ನುತ್ತೆ, ಒಳಗೆ ಪುಡಿ ಉದುರುವ ಸದ್ದು ಬೇರೆ. ಮ್ಯಾಗ್ನೆಟ್‌ಗೆ ತೆಳ್ಳಗಿನ ಬಟ್ಟೆ ಸುತ್ತಿ ಆಡಿಸು. ಅದು ಹಿಡಿಯದ ಕಡೆ ನಿನಗಿಂತ ಮುಂಚೆಯೇ ಯಾರೋ ಪುಟ್ಟಿ ತುಂಬಿ ಕೈತೊಳೆದುಕೊಂಡಿದ್ದಾರೆ ಅಂತ ಇಟ್ಟುಕೋ. ಅವರಿಗೂ ನೋಡಕ್ಕೆ ಭಯ ಇತ್ತೇನೋ.

ಕೆಲಸ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ನಿನಗೆ ಗೊತ್ತಿರುವುದನ್ನೇ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಎರಡೂ ಕಡೆ ಹೋಗಿದ್ದರೂ ಎರಡನ್ನೂ ಒಟ್ಟಿಗೆ ಕತ್ತರಿಸಬೇಡ. ಕತ್ತರಿಸುವ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಪೈಪು ವೆಲ್ಡ್ ಮಾಡಿ ಬಿಗಿ ಮಾಡಿಕೋ, ಇಲ್ಲದಿದ್ದರೆ ಬಾಡಿ ನಡುವೆ ಜಗ್ಗುತ್ತೆ, ಆಮೇಲೆ ಬಾಗಿಲು ಜಪ್ಪಯ್ಯ ಅಂದರೂ ಕೂರಲ್ಲ. ಹೊಸ ತಗಡು ಕೂರಿಸಿದ ಮೇಲೆ ಪೂರ್ತಿ ವೆಲ್ಡ್ ಮಾಡುವ ಮುಂಚೆ ಬಾಗಿಲು ಹಾಕಿ ಸಂದಿ ನೋಡು. ಬಾಡಿ ತಗಡು ಹೆಚ್ಚುಕಮ್ಮಿ 1 ಮಿಲಿಮೀಟರ್ ಅಷ್ಟೇ. ಒಂದೇ ಸಮನೆ ವೆಲ್ಡ್ ಎಳೆದರೆ ಕಾದು ಸೊಟ್ಟಗಾಗುತ್ತೆ. ಇಲ್ಲೊಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್), ದೂರದಲ್ಲೊಂದು ಟ್ಯಾಕ್, ಆರಲು ಬಿಡು. ಅವಸರ ಮಾಡುವ ಬುದ್ಧಿ ನಿನ್ನದು, ಅದಕ್ಕೆ ಹೇಳಿದೆ.

ಉಜ್ಜಿದ ತಗಡನ್ನು ಬೆವರುಗೈಯಲ್ಲಿ ಮುಟ್ಟಿ ಹಾಗೇ ಬಿಡಬೇಡ, ಬೇಗ ತುಕ್ಕಿಗೆ ತಿರುಗುತ್ತೆ. ಅವತ್ತೇ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆ. ಪುಟ್ಟಿ ಬೇಡವೇ ಬೇಡ ಅಂತಲ್ಲ. ಗಟ್ಟಿ ತಗಡಿನ ಮೇಲೆ, ತಗ್ಗು ಮುಚ್ಚುವಷ್ಟು, ತೆಳ್ಳಗೆ ಹಾಕು. ಸಿಲ್ ಒಳಗೆ ತೇವ ತಡೆಯುವ ವ್ಯಾಕ್ಸ್ ಹೊಡೆಯುವುದು ವೆಲ್ಡಿಂಗ್ ಎಲ್ಲ ಮುಗಿದ ಮೇಲೆ. ಅದು ಉರಿಯುವ ವಸ್ತು. ನೀರು ಇಳಿಯುವ ತೂತು ಮುಚ್ಚಿಹೋಗದ ಹಾಗೆ ನೋಡಿಕೋ.

ಬಲಗಡೆ ಗಟ್ಟಿಯಾಗೇ ಇರಬಹುದು, ಅಲ್ವಾ? ಅದನ್ನು ನೀನು ಯೋಚಿಸಿಯೇ ಇಲ್ಲ. ಭಯಕ್ಕೆ ಕೆಟ್ಟದ್ದೇ ಕಾಣುತ್ತೆ. ಕೆಟ್ಟದ್ದೇ ಇದ್ದರೂ ಎಲ್ಲಿಂದ ಎಲ್ಲಿವರೆಗೆ ಅಂತ ಚಾಕ್‌ಪೀಸಲ್ಲಿ ಗೆರೆ ಎಳೆದುಬಿಟ್ಟರೆ ಅಷ್ಟು ಕೆಲಸ ಅಂತ ಲೆಕ್ಕ ಸಿಗುತ್ತೆ. ಈಗ ನಿನ್ನ ತಲೆಯಲ್ಲಿ ಇಡೀ ಕಾರೇ ತೂತಾಗಿದೆ.

ಪೆಟ್ರೋಲ್ ಟ್ಯಾಂಕ್ ಇಳಿಸಿದ್ದೀಯಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಇಳಿಸಿ ದೂರ ಇಡು, ಬ್ಯಾಟರಿ ತೆಗಿ, ಆಮೇಲೆ ವೆಲ್ಡಿಂಗ್ ಟಾರ್ಚ್ ಹಿಡಿ. ಒಬ್ಬನೇ ಇರುವಾಗ ವೆಲ್ಡಿಂಗ್ ಬೇಡ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡ, ಸ್ಟ್ಯಾಂಡ್ ಕೊಡು.

ಬಲಗಡೆ ಸ್ಕ್ರೂಡ್ರೈವರ್ ಎಷ್ಟು ಒಳಗೆ ಹೋಯಿತು ಅಂತ ಬರೆ. ಪೂರ್ತಿ ಹೋದರೆ ಇನ್ನೂ ಬೇಗ ಬರೆ, ನಾನೇ ಹೊರಟು ಬರುತ್ತೇನೆ.

ನಿನ್ನ ಮಾವ